ಸೊನ್ನೆ ಕಿಲೋಮೀಟರಿನ ಸವಾರಿಗಳು

ನನ್ನ ಕೈಯಲ್ಲಿದ್ದ ಟ್ಯಾಬಿನ ಇಪ್ಪತ್ತಮೂರನೇ ಪ್ರಶ್ನೆ ಹೀಗಿತ್ತು: 'ಸ್ಮಾರ್ಟ್ ತಂತ್ರಜ್ಞಾನವುಳ್ಳ ವಿದ್ಯುತ್ ಮೋಟಾರ್ ಸೈಕಲ್ಲಿಗೆ ಬದಲಾಗಲು ನಿಮ್ಮ ಕುಟುಂಬದ ಯಾವುದೇ ಸದಸ್ಯರಿಗೆ ಹಿಂಜರಿಕೆ ಇದೆಯೇ? ಇದ್ದರೆ ಕಾರಣವೇನು?' ಈ ಕನ್ನಡವನ್ನು ಬರೆದವರು ಯಾರ ಮನೆಯ ಕಟ್ಟೆಯ ಮೇಲೂ ಕೂತು ಅದನ್ನು ಒಮ್ಮೆ ಓದಿ ನೋಡಿರಲಿಕ್ಕಿಲ್ಲ. ನಾನು 'ಬ್ಯಾಟರಿ ಗಾಡಿ ಅಂದ್ರ ಮನ್ಯಾಗ ಯಾರರ ಬ್ಯಾಡ ಅಂತಾರೇನ್ರಿ?' ಎಂದು ಕೇಳುತ್ತಿದ್ದೆ. ಪ್ರಶ್ನೆಯ ಕೆಳಗೆ ಕಾರಣಗಳ ಪಟ್ಟಿ, ಪ್ರತಿಯೊಂದಕ್ಕೂ ಒಂದು ನಂಬರು. ಏಳನೆಯದು 'ಮೂಢನಂಬಿಕೆ ಅಥವಾ ಆಧಾರವಿಲ್ಲದ ಭಯ'. ಒಂಬತ್ತನೆಯದು 'ಇತರೆ'. ಒಂಬತ್ತನ್ನು ಒತ್ತಿದರೆ ಒಂದು ಖಾಲಿ ಚೌಕ ತೆರೆದುಕೊಳ್ಳುತ್ತಿತ್ತು. ಮನೆಯವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಟೈಪು ಮಾಡುವ ತನಕ ಮುಂದಕ್ಕೆ ಬಿಡುತ್ತಿರಲಿಲ್ಲ. ಏಳನ್ನು ಒತ್ತಿದರೆ ಚೌಕವಿಲ್ಲ, ನೇರ ಮುಂದಿನ ಪ್ರಶ್ನೆ. ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರಿಂದಲೇ ಆಯಿತು.

ಕೆಲಸ ಕೊಟ್ಟದ್ದು ಹುಬ್ಬಳ್ಳಿಯ ಒಂದು ಸಮೀಕ್ಷೆ ಸಂಸ್ಥೆ. ಅವರಿಗೆ ಕೆಲಸ ಕೊಟ್ಟದ್ದು ಗಾಡಿ ತಯಾರಿಸುವ ಒಂದು ಕಂಪನಿ. ವಿಜಯಪುರ ಶಹರ, ತಿಕೋಟಾ, ಬಬಲೇಶ್ವರ ಮತ್ತು ಸುತ್ತಲಿನ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಬ್ಯಾಟರಿ ಗಾಡಿ ಕೊಂಡವರು, ಕೊಳ್ಳಬೇಕೆಂದಿರುವವರು, ಕೊಂಡು ಮಾರಿದವರು, ಮೂರೂ ಥರದ ಮನೆಗಳಿಗೆ ಹೋಗಬೇಕು. ಅಥಣಿ ರಸ್ತೆಯ ನನ್ನ ಮನೆಯಿಂದ ಬೆಳಗ್ಗೆ ಪೆಟ್ರೋಲ್ ಸ್ಕೂಟರ್ ಹತ್ತಿ ಹೊರಡುತ್ತಿದ್ದೆ. ಜನ ಇದನ್ನು ಬಿಡುತ್ತಾರೆಯೇ? 'ಮೇಡಂ, ನೀವ್ಯಾಕ ಇನ್ನೂ ಬ್ಯಾಟರಿದು ತಗೊಂಡಿಲ್ರಿ?' ಎಂದು ಹೋದಲ್ಲೆಲ್ಲ ಕೇಳುತ್ತಿದ್ದರು. ನಾನು 'ನೋಡೂನ್ರಿ' ಎಂದು ನಗುತ್ತಿದ್ದೆ.

ನಮ್ಮ ಕಡೆ 'ನೋಡೂನ್ರಿ' ಎಂದರೆ ಮರ್ಯಾದೆಯಿಂದ ಹೇಳುವ 'ಇಲ್ಲ'. ಟ್ಯಾಬಿನಲ್ಲಿ ಮಾತ್ರ ಅದು 'ಕೊಳ್ಳುವ ಸಾಧ್ಯತೆ ಇದೆ' ಎಂಬ ಸಾಲಿಗೆ ಹೋಗುತ್ತಿತ್ತು. ಮೊದಲ ವಾರವೇ ನಾನು ಇದನ್ನು ಮೇಲ್ವಿಚಾರಕರಿಗೆ ಫೋನು ಮಾಡಿ ತಿದ್ದಿಸಿದ್ದೆ. ಜನರ ಮಾತಿನ ಒಳಗಿನ ಮಾತು ನನಗೆ ಗೊತ್ತಾಗುತ್ತದೆ ಎಂದು ಅವರು ಹೊಗಳಿದ್ದರು, ನಾನೂ ನಂಬಿದ್ದೆ.

ಕೆಲಸ ಬೇಸರದ್ದೇನೂ ಆಗಿರಲಿಲ್ಲ. ಗಾಡಿ ಎಲ್ಲಿದೆ ಎಂದು ಫೋನಿನಲ್ಲಿ ಕಾಣುತ್ತದೆ ಎಂದರೆ ಹೆಂಗಸರು ಕುರ್ಚಿ ಹತ್ತಿರ ಎಳೆದುಕೊಂಡು ಕೂರುತ್ತಿದ್ದರು, ಗಂಡಸರ ಮುಖ ಸಣ್ಣದಾಗುತ್ತಿತ್ತು. ತಿಕೋಟಾದ ಒಬ್ಬ ದ್ರಾಕ್ಷಿ ಬೆಳೆಗಾರ 'ಸಪ್ಪಳಿಲ್ಲದ ಗಾಡಿ ಹತ್ತಿ ಊರಾಗ ಹೋದ್ರ ಯಾರು ತಿರುಗಿ ನೋಡ್ತಾರ್ರಿ?' ಎಂದು ಕೇಳಿದ. ಅದಕ್ಕೆ ನಂಬರಿರಲಿಲ್ಲ. ಒಂಬತ್ತು ಒತ್ತಿ, ಅವನ ಮಾತನ್ನು ಹಾಗೇ ಟೈಪು ಮಾಡಿದೆ. ಅಂದರೆ ಟೈಪು ಮಾಡುವುದು ನನಗೆ ಬರುತ್ತಿತ್ತು. ಮನಸ್ಸು ಬಂದರೆ ಮಾಡುತ್ತಿದ್ದೆ.

ಕಳ್ಳಕವಟಗಿಯ ಆ ಮನೆಗೆ ಹೋದದ್ದು ಒಂದು ಭಾನುವಾರ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ. ಮನೆಯ ಯಜಮಾನರು ತಿಕೋಟಾದ ಒಂದು ಹೈಸ್ಕೂಲಿನಲ್ಲಿ ಮಾಸ್ತರರು. ಕೆಲವು ತಿಂಗಳ ಹಿಂದೆ ಹಳೆಯ ಪೆಟ್ರೋಲ್ ಬೈಕು ಕೊಟ್ಟು ಬ್ಯಾಟರಿ ಗಾಡಿ ತಂದಿದ್ದರು. ಗಾಡಿ ಪಡಸಾಲೆಯಲ್ಲೇ, ಕಂಬದ ಪಕ್ಕ ಡಬಲ್ ಸ್ಟ್ಯಾಂಡಿನ ಮೇಲೆ ನಿಂತಿತ್ತು. ನಮ್ಮ ಕಡೆಯ ಮನೆಗಳಲ್ಲಿ ಗಾಡಿ ಹೊರಗೆ ನಿಲ್ಲಿಸುವವರು ಕಡಿಮೆ. ಪಡಸಾಲೆಯಲ್ಲಿ ಗಾಡಿಗೊಂದು ಜಾಗ ಇರುತ್ತದೆ, ಅದರ ಸುತ್ತ ಮನೆಯವರು ಏಳುತ್ತಾರೆ, ಕೂರುತ್ತಾರೆ. ಗಾಡಿಯ ಪಕ್ಕ ಗೋಡೆಯಲ್ಲಿ ಒಂದೇ ಪ್ಲಗ್ಗು. ಗಾಡಿ ಪೂರ್ತಿ ಚಾರ್ಜ್ ಆದ ಮೇಲೆ ಅದರ ವೈರು ತೆಗೆದು ಮಾಸ್ತರರು ಫೋನು ಹಚ್ಚುತ್ತಿದ್ದರು. ಆಗಲೂ ಫೋನು ಅಲ್ಲೇ ಇತ್ತು.

ಕಂಬಕ್ಕೆ ಬೆನ್ನು ಕೊಟ್ಟು ಮಾಸ್ತರರ ತಾಯಿ ತೊಗರಿ ಹಸನು ಮಾಡುತ್ತಿದ್ದಳು. ಮನೆಯವರೆಲ್ಲ ಅವ್ವ ಎನ್ನುತ್ತಿದ್ದರು, ನಾನೂ ಅದನ್ನೇ ಹಿಡಿದೆ. ನಾನು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಅವಳು ಮೊರ ಬದಿಗಿಟ್ಟು, ಗಾಡಿಯ ಬಲಗಡೆಯ ಹಿಡಿಕೆಯತ್ತ ಕೈ ಚಾಚಿ, 'ಬಂದ್ ಐತೇನ?' ಎಂದು ಕೇಳಿದಳು.

'ಬಂದ್ ಐತಿ ಬೇ' ಎಂದರು ಮಾಸ್ತರರು, ತಲೆ ಎತ್ತದೆ.

ಅವ್ವ ಹಿಡಿಕೆ ಹಿಡಿದು, ಅದರ ಮೇಲೆ ಭಾರ ಹಾಕಿ ಎದ್ದು ನನಗೆ ನೀರು ತಂದಳು. ಹಳೆಯ ಬೈಕಿದ್ದಾಗಿನಿಂದಲೂ ಅವಳು ಏಳುವುದು ಹೀಗೇ ಎಂದು ಆಮೇಲೆ ತಿಳಿಯಿತು. ಮೊಣಕಾಲು ನೋವಿನ ಅವಳಿಗೆ ಆ ಹಿಡಿಕೆಯ ಎತ್ತರ ಸರಿಯಾಗಿ ಕೈಗೆ ಸಿಗುತ್ತಿತ್ತು.

ಮಾಸ್ತರರು ಉತ್ಸಾಹದಲ್ಲಿದ್ದರು. 'ಕೀಲಿನ ಬ್ಯಾಡ ನೋಡ್ರಿ ಮೇಡಂ. ಫೋನ್ ಹತ್ರ ಇದ್ರ ಸಾಕು, ಗಾಡಿಗೆ ನಮ್ಮ ಗುರ್ತ ಹತ್ತತೈತಿ. ಬ್ರೇಕ್ ಹಿಡದು ಈ ಗುಂಡಿ ಒತ್ತಿದ್ರ ಆತು, ತಯಾರ.'

'ಗುರ್ತ ಹತ್ತತೈತಿ ಅಂತ' ಎಂದು ಅವ್ವ ಮತ್ತೆ ಕಂಬದ ಬುಡದಲ್ಲಿ ಕೂರುತ್ತ ಗೊಣಗಿದಳು. 'ನನ್ನ ಗುರ್ತ ಹತ್ತೂದಿಲ್ಲೇನ ಅದಕ್ಕ? ಜಗ್ತೈತಿ.'

'ಏನ್ ಜಗ್ತೈತ್ರಿ ಅವ್ವಾರ?' ಎಂದೆ.

'ಗಾಡಿ ಜಗ್ತೈತಿ. ಕೈ ಹಚ್ಚಿ ಏಳಾಕ ಹೋದ್ರ ಒಮ್ಮೊಮ್ಮಿ ಜಗ್ತೈತಿ. ದೆವ್ವ ಐತಿ ತಂಗಿ ಇದರಾಗ. ಹಳೀ ಗಾಡಿ ಎಂದೂ ಹಿಂಗ ಮಾಡಿದ್ದಿಲ್ಲ. ಬರ್ಕೋ ನೀ.'

ಒಳಗಿನಿಂದ ಸೊಸೆ ನಕ್ಕ ಸದ್ದು ಕೇಳಿತು. ಮಾಸ್ತರರು 'ಅವ್ವಗ ಈ ಗಾಡಿ ಬಂದಾಗಿಂದ ಇದ ಆಗೇತ್ರಿ. ಹತ್ತು ಸಲ ಬಂದ್ ಐತೇನ ಅಂತ ಕೇಳ್ತಾಳ, ಹತ್ತು ಸಲ ಬಂದ್ ಐತಿ ಅನಬೇಕು' ಎಂದು ಚಹಾ ತರಲು ಒಳಗೆ ಹೋದರು. ಅವ್ವ ಮೊರ ಎತ್ತಿಕೊಂಡು ಮತ್ತೆ ಏಳಲು ಹೊರಟಳು. ಪಡಸಾಲೆಯಲ್ಲಿ ನಾನೊಬ್ಬಳೇ ಇದ್ದೆ. ನನ್ನನ್ನೇ ನೋಡಿ 'ಬಂದ್ ಐತೇನ?' ಎಂದಳು.

'ಬಂದ್ ಐತ್ರಿ ಅವ್ವಾರ' ಎಂದೆ. ನಾನು ಆಗ ಗಾಡಿಯತ್ತ ನೋಡಿರಲಿಲ್ಲ, ಟ್ಯಾಬಿನಲ್ಲಿ ಏಳನ್ನು ಒತ್ತುತ್ತಿದ್ದೆ. ಬಿಸಿಲು ಏರಿತ್ತು, ಹೊನವಾಡದಲ್ಲಿ ಇನ್ನೂ ಎರಡು ಮನೆ ಬಾಕಿ ಇದ್ದವು. ಒಂಬತ್ತು ಒತ್ತಿದ್ದರೆ ಅವಳ ಮಾತನ್ನೆಲ್ಲ ಟೈಪು ಮಾಡಬೇಕಿತ್ತು.

ಹೊನವಾಡದಲ್ಲಿ ಒಬ್ಬ ಕೊಂಡ ಗಾಡಿಯನ್ನು ಮೂರೇ ತಿಂಗಳಿಗೆ ಮಾರಿದ್ದ. ಕಾರಣ ಕೇಳಿದರೆ, 'ಮನೀಯಾಕಿ ಗಾಡಿಗೆ ಗಾಳಿ ಹೊಕ್ಕೈತಿ ಅಂದ್ಲರಿ. ತಾನ ಅಳ್ಳಾಡ್ತೈತಿ ಅಂತ. ಜಗಳಾ ಯಾಕ ಅಂತ ಮಾರಿದ್ನಿ' ಎಂದ. ಅದಕ್ಕೂ ಏಳು. ಕೆಲವು ದಿನ ಬಿಟ್ಟು ಬಬಲೇಶ್ವರದಲ್ಲಿ ಒಬ್ಬ ಟೇಲರನ ಮನೆಗೆ ಹೋದೆ. ಅವನ ಹೆಂಡತಿ ದಿನಾ ಗಾಡಿ ಒರೆಸುವವಳು. ಹಿಡಿಕೆ ಒರೆಸುವಾಗ ಹಿಂದಿನ ಗಾಲಿ ತಾನೇ ತಿರುಗಿತು, ಒಳಗೆ ಏನೋ ಸೇರಿಕೊಂಡಿದೆ, ದರ್ಗಾಕ್ಕೆ ಹೋಗಿ ಬಂದೆ ಎಂದಳು. ಟೇಲರ್ ಕತ್ತರಿ ಕೆಳಗಿಟ್ಟು ನಕ್ಕ. ನಾನೂ ನಕ್ಕೆ, ಮತ್ತೆ ಏಳನ್ನು ಒತ್ತಿದೆ.

ಆ ವಾರ ಮೇಲ್ವಿಚಾರಕರ ಫೋನು ಬಂತು. 'ಮೇಡಂ, ನಿಮ್ಮ ಕಡೆ ಏಳನೇ ನಂಬರ್ ಭಾಳ ಬರಾಕತ್ತೈತ್ರಿ. ಕಂಪನಿಯವರಿಗೆ ಅದು ಭಾಳ ಹಿಡಿಸೈತಿ. ಹಳ್ಳಿ ಮಂದಿ ದೆವ್ವ ಅಂತಾರ ಅಂತ ಒಂದು ಪುಟಾನ ಬ್ಯಾರೆ ಮಾಡೂದೈತಿ. ಇನ್ನೂ ಸಿಕ್ರ ತಗೋರಿ.' ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಅವ್ವನ ದನಿ ತೆಗೆದು 'ಜಗ್ತೈತಿ ತಂಗಿ, ಬರ್ಕೋ ನೀ' ಎಂದು ಅಣಕಿಸಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಸಮೀಕ್ಷೆಯ ಕೊನೆಗೆ ಮರುಭೇಟಿ ಎಂಬುದೊಂದಿರುತ್ತದೆ. ಮುಗಿಸಿದ ಮನೆಗಳಲ್ಲಿ ಕೆಲವನ್ನು ಟ್ಯಾಬು ತಾನೇ ಆರಿಸಿ ಕೊಡುತ್ತದೆ. ನಾವು ಮತ್ತೆ ಹೋಗಿ, ನಾಲ್ಕು ಪ್ರಶ್ನೆ ಮತ್ತೆ ಕೇಳಿ, ಉತ್ತರ ಹೊಂದುತ್ತದೆಯೇ ನೋಡಬೇಕು. ಕಳ್ಳಕವಟಗಿಯ ಮನೆ ಆ ಪಟ್ಟಿಯಲ್ಲಿತ್ತು. ಹೋದಾಗ ಗಾಡಿ ಅಂಗಳದ ಬೇವಿನ ಮರದ ಕೆಳಗೆ, ತಾಡಪತ್ರಿ ಹೊದ್ದು ನಿಂತಿತ್ತು. ಪಡಸಾಲೆಯಲ್ಲಿ ಕಂಬದ ಪಕ್ಕ ಖಾಲಿ.

'ಅವ್ವಾರು?' ಎಂದೆ.

'ವಿಜಾಪುರ ದವಾಖಾನ್ಯಾಗ ಅದಾರ್ರಿ' ಎಂದಳು ಸೊಸೆ. 'ಟೊಂಕದ ಎಲುಬು ಮುರದೈತಿ. ಗಾಡಿ ಮೈಮ್ಯಾಲ ಬಿತ್ತರಿ.'

ಹಿಂದಿನ ಭಾನುವಾರ ಮಧ್ಯಾಹ್ನ ಆದದ್ದು. ಮಾಸ್ತರರು ಒಳಗೆ ಮಲಗಿದ್ದರು, ಸೊಸೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. 'ಅತ್ತಿ ಬಂದ್ ಐತೇನ ಅಂದ್ರು. ನಾ ಒಳಗಿಂದನ ಬಂದ್ ಐತ್ರಿ ಅಂದ್ನಿ. ದಿನಾ ಅಂತಿದ್ನೆಲ್ಲರಿ, ಹಂಗ ಅಂದ್ನಿ. ಆಮ್ಯಾಲ ಧಡ್ ಅಂದಿದ್ದು ಕೇಳ್ತು.' ಅವಳ ಕೈಯಲ್ಲಿ ಸೆರಗಿನ ತುದಿ ಇತ್ತು, ಅದನ್ನೇ ಸುತ್ತುತ್ತ ಬಿಚ್ಚುತ್ತ ಇದ್ದಳು. ಮಾಸ್ತರರು ಬಾಗಿಲಲ್ಲಿ ನಿಂತು, ಅವ್ವನ ಕಾಲು ಜಾರಿರಬೇಕು, ಬೀಳುವಾಗ ಗಾಡಿ ಎಳೆದುಕೊಂಡಿರಬೇಕು ಎಂದರು. ಅದನ್ನೇ ಎರಡು ಸಲ ಹೇಳಿದರು.

ಜಗ್ತೈತಿ ಎಂಬ ಅವ್ವನ ಮಾತು ನೆನಪಾಯಿತು. 'ಮಾಸ್ತರ, ಗಾಡಿ ಒಳಗ ತರ್ರಿ. ಅವತ್ತ ಹೆಂಗಿತ್ತೋ ಹಂಗ ನಿಲ್ಲಸ್ರಿ' ಎಂದೆ.

'ಯಾಕ್ರಿ ಈಗ?'

'ನಾ ಅವತ್ತ ಏನೋ ತಪ್ಪು ಬರಕೊಂಡೇನಿ ಅನಸ್ತೈತ್ರಿ.'

ಗಾಡಿ ಒಳಗೆ ಬಂತು. ಕಂಬದ ಪಕ್ಕ, ಡಬಲ್ ಸ್ಟ್ಯಾಂಡಿನ ಮೇಲೆ, ಹಿಂದಿನ ಗಾಲಿ ನೆಲದಿಂದ ಎರಡು ಬೆರಳು ಮೇಲೆ. ಮಾಸ್ತರರು ಪಕ್ಕದ ಪ್ಲಗ್ಗಿಗೆ ಫೋನು ಹಚ್ಚಿದರು. ನಾನು ಅವ್ವ ಕೂರುತ್ತಿದ್ದ ಜಾಗದಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತೆ. ಅಲ್ಲಿ ಹಾಸುಗಲ್ಲು ನುಣುಪಾಗಿತ್ತು. ಬಲಗೈ ಎತ್ತಿ ಹಿಡಿಕೆ ಹಿಡಿದು ಎದ್ದೆ. ಏನೂ ಆಗಲಿಲ್ಲ. ಮತ್ತೆ ಕೂತು ಎದ್ದೆ. ಏನೂ ಇಲ್ಲ. ಮಾಸ್ತರರ ಮುಖದಲ್ಲಿ ಸ್ವಲ್ಪ ಜೀವ ಬಂತು.

ಮೂರನೇ ಸಲ ನಾನು ಏಳುವ ಹಾಗೆ ಏಳಲಿಲ್ಲ, ಅವಳು ಏಳುವ ಹಾಗೆ ಎದ್ದೆ. ಮೈಭಾರವನ್ನೆಲ್ಲ ಆ ಒಂದು ಕೈಗೆ ಕೊಟ್ಟೆ. ಭಾರ ಬಿದ್ದಾಗ ಬೆರಳುಗಳು ತಾವಾಗಿ ಬ್ರೇಕನ್ನೂ ಸೇರಿಸಿ ಹಿಡಿದವು, ಹೆಬ್ಬೆರಳು ಆಸರೆ ಹುಡುಕಿ ಗುಂಡಿಯ ಮೇಲೆ ಹೋಗಿ ಕೂತಿತು. ಮಾಸ್ತರರು ಹೇಳಿದ್ದೂ ಅದೇ ಅಲ್ಲವೇ, ಬ್ರೇಕ್ ಹಿಡಿದು ಗುಂಡಿ ಒತ್ತುವುದು. ಒಂದು ಸಣ್ಣ ಸದ್ದು ಬಂತು, ರೊಟ್ಟಿ ಬಡಿಯುವ ಸದ್ದಿನಲ್ಲಿ ಕೇಳಿಸದಷ್ಟು ಸಣ್ಣದು. ಅರ್ಧ ಎದ್ದಾಗ ಬೆರಳು ಬ್ರೇಕಿನಿಂದ ಜಾರಿ, ಮಣಿಕಟ್ಟು ನನ್ನ ಕಡೆಗೆ ಹೊರಳಿತು, ಅದರ ಜೊತೆ ಎಕ್ಸಲರೇಟರೂ ತಿರುಗಿತು. ಹಿಂದಿನ ಗಾಲಿ ಸುಯ್ ಎಂದು ತಿರುಗಿತು. ಗಾಡಿ ಮುಂದಕ್ಕೆ ವಾಲಿ ಸ್ಟ್ಯಾಂಡಿನಿಂದ ಜಾರುವಷ್ಟರಲ್ಲಿ ಮಾಸ್ತರರು ಹಿಂದಿನಿಂದ ಎರಡೂ ಕೈಯಲ್ಲಿ ಅಪ್ಪಿ ಹಿಡಿದರು. ಅವರು ಹಿಡಿಯದಿದ್ದರೆ ಆ ತಿರುಗುವ ಗಾಲಿ ನೆಲ ಮುಟ್ಟುತ್ತಿತ್ತು.

ಅದು ಜಗ್ಗಿತು. ಅವ್ವ ಹೇಳಿದ ಮಾತಿಗಿಂತ ಸರಿಯಾದ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ.

ಮಾಸ್ತರರು ಬಹಳ ಹೊತ್ತು ಗಾಡಿ ಬಿಡಲಿಲ್ಲ. ಆಮೇಲೆ ಫೋನು ತೆಗೆದು ಏನೋ ಹುಡುಕಿ ನನ್ನ ಮುಂದೆ ಹಿಡಿದರು. ಗಾಡಿ ಓಡಿದ್ದನ್ನೆಲ್ಲ ಆ ಫೋನು ಬರೆದಿಡುತ್ತದೆ, ತಾರೀಖು, ಹೊತ್ತು, ದೂರ. ತಿಕೋಟಾಕ್ಕೆ ಹೋದದ್ದು, ಬಂದದ್ದು. ಅವುಗಳ ನಡುವೆ ಅಲ್ಲಲ್ಲಿ ಸೊನ್ನೆ ಕಿಲೋಮೀಟರಿನ ಸವಾರಿಗಳು. 'ಆ್ಯಪಿನ್ಯಾಗ ಏನೋ ಗದ್ದಲ ಐತಿ ಅಂತ ತಿಳ್ಕೊಂಡಿದ್ನಿರಿ' ಎಂದರು.

ನಾನು ಬೆರಳಿಂದ ಸರಿಸುತ್ತ ಓದಿದೆ. ಬೆಳಗಿನ ಹೊತ್ತು, ಸೊನ್ನೆ. ಊಟದ ನಂತರ, ಸೊನ್ನೆ. ದೀಪ ಹಚ್ಚುವ ಹೊತ್ತು, ಸೊನ್ನೆ. ಫೋನು ಪ್ಲಗ್ಗಿನಲ್ಲಿದ್ದು, ಹೆಬ್ಬೆರಳು ಗುಂಡಿಗೆ ತಾಗಿದ ಸಲವೆಲ್ಲ ಒಂದೊಂದು ಸಾಲು. ಅವ್ವ ನೆಲದಿಂದ ಎದ್ದ ಗಳಿಗೆಗಳು ಅವು. ನಾನು ಮೊದಲ ಸಲ ಬಂದ ಭಾನುವಾರವೂ ಒಂದು ಸೊನ್ನೆ ಇತ್ತು, ಊಟದ ಹೊತ್ತಿಗೆ ಸ್ವಲ್ಪ ಮುಂಚೆ. ನನಗೆ ನೀರು ತರಲು ಅವ್ವ ಎದ್ದಾಗಲೇ ಗಾಡಿ ತಯಾರಾಗಿತ್ತು, ನಾನು ಬಂದ್ ಐತಿ ಎಂದಾಗ ಅದು ಬಂದ್ ಇರಲಿಲ್ಲ. ನಾನು ಈಗಷ್ಟೇ ಎದ್ದದ್ದನ್ನು ಬಿಟ್ಟರೆ, ಕೊನೆಯ ಸೊನ್ನೆ ಅವಳು ಬಿದ್ದ ಮಧ್ಯಾಹ್ನದ್ದು.

ಅದೇ ದಿನ ಬಬಲೇಶ್ವರಕ್ಕೆ ನನ್ನ ಸ್ಕೂಟರ್ ತಿರುಗಿಸಿದೆ. ಟೇಲರನ ಫೋನಿನಲ್ಲೂ ಸೊನ್ನೆಗಳಿದ್ದವು, ಎಲ್ಲ ಬೆಳಗಿನ ಹೊತ್ತಿನವು, ಅವನ ಹೆಂಡತಿ ಗಾಡಿ ಒರೆಸುವ ಹೊತ್ತಿನವು. ಗಾಡಿ ಹಚ್ಚಿ ತೋರಿಸಿದಾಗ ಅವಳು ಗಂಡನ ಮುಖ ನೋಡಿ, 'ನಾ ಹೇಳಿದ್ನಿಲ್ಲೋ?' ಎಂದಳು. ಈ ಸಲ ಅವನು ನಗಲಿಲ್ಲ. ಫೋನು ಗಾಡಿಯ ಹತ್ತಿರ ಇಡಬೇಡಿ, ಒರೆಸುವಾಗ ಹಿಡಿಕೆ ಮುಟ್ಟಬೇಡಿ ಎಂದು ಹೇಳಿ ಬಂದೆ. ಹೊನವಾಡದ ಗಾಡಿ ಎಲ್ಲಿಗೆ ಹೋಯಿತೋ ಮಾರಿದವನಿಗೇ ಗೊತ್ತಿರಲಿಲ್ಲ. ಅದು ಈಗ ಯಾರ ಮನೆಯ ಪಡಸಾಲೆಯಲ್ಲಿ ನಿಂತಿದೆ ಎಂಬ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮೇಲ್ವಿಚಾರಕರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿದರು, ಕೆಟ್ಟ ಮನುಷ್ಯರಲ್ಲ. 'ಭಾಳ ಕೆಟ್ಟ ಅನಸ್ತೈತ್ರಿ ಮೇಡಂ. ಆದ್ರ ಫಾರ್ಮ್ ಎಲ್ಲಾ ಲಾಕ್ ಆಗ್ಯಾವ. ಏಳು ತಗದು ಒಂಬತ್ತು ಮಾಡಬೇಕಂದ್ರ, ಮದಲ ಸಲ ನೀವು ಸರಿಯಾಗಿ ಕೇಳಿಲ್ಲ ಅಂತ ಬರದು ಕೊಡಬೇಕಾಗ್ತೈತಿ. ಹಂಗ ಬರದ್ರ ನಿಮ್ಮ ಅಷ್ಟೂ ಮನಿ ರದ್ದ ಆಗ್ತಾವ, ಮುಂದ ನಿಮ್ಮನ್ನ ಕರಿಯಂಗಿಲ್ಲ. ಬ್ಯಾರೆ ಒಂದು ಪತ್ರ ಬರೀರಿ, ನೋಡೂನು.'

ನೋಡೂನು. ಆ ಮಾತಿನ ಅರ್ಥ ಅವರಿಗೆ ನಾನೇ ಹೇಳಿಕೊಟ್ಟಿದ್ದೆ.

ಎರಡು ದಿನ ಸುಮ್ಮನಿದ್ದೆ. ಬೇರೆ ಪತ್ರ ಬರೆದರೆ ಕೆಲಸ ಉಳಿಯುತ್ತದೆ, ಪತ್ರ ಯಾರದೋ ಮೇಜಿನ ಮೇಲೆ ಉಳಿಯುತ್ತದೆ. ಆದರೆ ಹಳ್ಳಿಯ ಮಂದಿ ದೆವ್ವ ಅಂತಾರೆ ಎಂಬ ಆ ಪುಟ ಹಾಗೇ ಕಂಪನಿಗೆ ಹೋಗುತ್ತದೆ. ಅದನ್ನು ಓದಿದವರು, ನಾವು ಊಟಕ್ಕೆ ಕೂತು ನಕ್ಕ ಹಾಗೆಯೇ ನಗುತ್ತಾರೆ. ಮುಂದೆ ಯಾವ ಅವ್ವ ಜಗ್ತೈತಿ ಎಂದರೂ ಅದಕ್ಕೆ ಉತ್ತರ ಮೊದಲೇ ತಯಾರಿರುತ್ತದೆ. ಮೂರನೇ ದಿನ ಬೆಳಗ್ಗೆ ಮೂರೂ ಮನೆಗಳ ಫಾರ್ಮು ತೆರೆಯಲು ಕೋರಿಕೆ ಹಾಕಿದೆ. ಕಾರಣದ ಸಾಲಿನಲ್ಲಿ, 'ಮನೆಯವರು ಸರಿಯಾಗಿಯೇ ಹೇಳಿದ್ದಾರೆ. ನಾನು ಕೇಳದೆ ಗುರುತು ಹಾಕಿದ್ದೇನೆ' ಎಂದು ಬರೆದೆ. ಒಂಬತ್ತು ಒತ್ತಿ, ಖಾಲಿ ಚೌಕದಲ್ಲಿ ಅವ್ವನ ಮಾತನ್ನು ಒಂದಕ್ಷರ ಬಿಡದೆ ಟೈಪು ಮಾಡಿದೆ. ಆಮೇಲೆ ಹಿಡಿಕೆ, ಬ್ರೇಕು, ಗುಂಡಿ, ಡಬಲ್ ಸ್ಟ್ಯಾಂಡು, ಒಂದೇ ಪ್ಲಗ್ಗು, ಎಲ್ಲವನ್ನೂ ಬರೆದು ಮಾಸ್ತರರ ಫೋನಿನ ಸೊನ್ನೆಗಳ ಫೋಟೋ ಸೇರಿಸಿದೆ.

ಮೇಲ್ವಿಚಾರಕರು ಹೇಳಿದ ಹಾಗೆಯೇ ಆಯಿತು. ನನ್ನ ಮನೆಗಳು ರದ್ದಾದವು, ಟ್ಯಾಬು ವಾಪಸು ಹೋಯಿತು. ಸುಮಾರು ದಿನ ಬಿಟ್ಟು ಮಾಸ್ತರರು ಫೋನು ಮಾಡಿ, ಕಂಪನಿಯಿಂದ ಗಾಡಿಗೆ ಒಂದು ಸಂದೇಶ ಬಂದಿದೆ ಎಂದರು. ಫೋನು ಹತ್ತಿರವಿದ್ದರೂ ಇನ್ನು ಮೇಲೆ ನಾಲ್ಕು ಅಂಕಿ ಒತ್ತದೆ ಗಾಡಿ ತಯಾರಾಗುವುದಿಲ್ಲವಂತೆ. ನನ್ನ ಬರಹದಿಂದಲೇ ಆಯಿತೋ, ಬೇರೆ ಯಾರಾದರೂ ಬಿದ್ದರೋ ತಿಳಿಯದು. ಗಾಡಿ ಮಾತ್ರ ಬೇವಿನ ಮರದ ಕೆಳಗೇ ಇದೆ ಎಂದರು. ಅವ್ವ ಮನೆಗೆ ಬಂದಿದ್ದಾಳೆ, ಬಂದು ಹೋಗಿರಿ ಎಂದೂ ಹೇಳಿದರು.

ಹೋಗಲು ನನಗೆ ಹದಿನೈದು ದಿನ ಬೇಕಾಯಿತು. ಪಡಸಾಲೆಯಲ್ಲಿ, ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಮಂಚ ಹಾಕಿದ್ದರು. ಅವ್ವ ಅದರ ಮೇಲೆ ಕೂತಿದ್ದಳು, ಅರ್ಧ ಆಗಿದ್ದಳು. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿ, ಗುರುತು ಹಿಡಿದು, ಹತ್ತಿರ ಕರೆದಳು.

'ಅವತ್ತ ಬರ್ಕೊಂಡಿದ್ದೆಲ್ಲ ತಂಗಿ, ಏನ್ ಬರದಿ?'

ದಾರಿಯುದ್ದಕ್ಕೂ ಏನೇನೋ ಹೊಂದಿಸಿಕೊಂಡು ಬಂದಿದ್ದೆ. 'ದೆವ್ವ ಐತಿ ಅಂತ ಬರದ್ನಿ ಅವ್ವಾ' ಎಂದೆ.

ಅವಳ ಮುಖ ಅರಳಿತು. 'ಖರೇನ ಬರದಿ. ನನ್ನ ಮಾತು ಖರೇ ಅಂದಾಕಿ ನೀ ಒಬ್ಬಾಕಿ. ಇವ್ರೆಲ್ಲಾ ನಕ್ರು.'

ಅಲ್ಲಿಗೇ ಬಿಟ್ಟಿದ್ದರೆ ಬಿಡಬಹುದಿತ್ತು. ಸೊಸೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. 'ಇಲ್ಲವ್ವಾ' ಎಂದೆ. 'ನಾನೂ ನಕ್ಕೇನಿ. ನೀವು ಹೇಳಿದ್ದು ಸುಳ್ಳ ಅಂತನ ಬರದಿದ್ನಿ. ನೀವು ಬಿದ್ದ ಮ್ಯಾಲ ತಿದ್ದೀನಿ.'

ಅವ್ವ ನನ್ನ ಮುಖದಿಂದ ಕಣ್ಣು ತೆಗೆದು ಅಂಗಳದ ಬೇವಿನ ಮರ ನೋಡಿದಳು. ಬಯ್ದಿದ್ದರೆ ಹಗುರಾಗುತ್ತಿತ್ತು. ಒಳಗೆ ಹಾಲು ಉಕ್ಕುವ ಸದ್ದಾಗಿ ಸೊಸೆ ಓಡಿದಳು. ಅವ್ವ ಕಾಲು ಮಂಚದಿಂದ ಕೆಳಗಿಳಿಸಿ, 'ಕೈ ಕೊಡು. ಏಳಬೇಕು' ಎಂದಳು.

ನಾನು ಎದ್ದು ನಿಂತು ಬಲಗೈ ಚಾಚಿದೆ. ಅವಳ ಕೈ ಅರ್ಧ ದಾರಿಗೆ ಬಂದು, ನನ್ನ ಕೈ ಮುಟ್ಟುವ ಮುಂಚೆ ನಿಂತಿತು.

'ಬಂದ್ ಐತೇನ?' ಎಂದಳು.

ನಾನು ಈ ಸಲ ನನ್ನ ಕೈಯನ್ನು ನೋಡಿದೆ. ನೋಡಿದ ಮೇಲೆ, 'ಬಂದ್ ಐತಿ ಅವ್ವಾ' ಎಂದೆ.